ಪಾದ್ರಿಗಳು ಇಟ್ಟ ವಿಭೂತಿ

ನಮ್ಮಣ್ಣ ಚಿಕ್ಕಮಲ್ಲಪ್ಪನಿಗೆ ದೇವರು ಹರದನಹಳ್ಳಿಯಲ್ಲಿ ಗದ್ದೆ ಕೊಟ್ಟಿದ್ದ, ಒಂದು ಜೊತೆ ಒಳ್ಳೆಯ ಎತ್ತು ಕೊಟ್ಟಿದ್ದ, ಒಬ್ಬಳೇ ಮಗಳನ್ನೂ ಕೊಟ್ಟಿದ್ದ. ಧೈರ್ಯ ಒಂದನ್ನು ಕೊಡುವುದಕ್ಕೆ ಮರೆತಿದ್ದ. ಮರೆತದ್ದು ಆಮೇಲೆ ನೆನಪಿಗೆ ಬಂದು, ಅಣ್ಣನ ಪಾಲನ್ನೂ ಸೇರಿಸಿ ಮಗಳಿಗೇ ಕೊಟ್ಟುಬಿಟ್ಟನೋ ಏನೋ. ನಮ್ಮ ಫಜೀತಿಯೆಲ್ಲ ಅಲ್ಲಿಂದಲೇ ಶುರುವಾಯಿತು.

ಮಗಳ ಹೆಸರು ಗಂಗಾಂಬಿಕೆ. ನಾವೆಲ್ಲ ಗಂಗು ಅನ್ನುತ್ತಿದ್ದೆವು. ಚಾಮರಾಜನಗರದಲ್ಲಿ ಹೈಸ್ಕೂಲು ಮುಗಿಸಿದ ಮೇಲೆ ಅವಳನ್ನು ನೋಡುವುದಕ್ಕೆ ಒಬ್ಬರಾದ ಮೇಲೊಬ್ಬರು ಬಂದರು. ಮೊದಲು ಬಂದವರು ಹುಡುಗಿ ಎತ್ತರ ಅಂದರು. ಆಮೇಲೆ ಬಂದವರು ಉಪ್ಪಿಟ್ಟನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದು, ಊರಿಗೆ ಹೋದ ಮೇಲೆ ತುಟಿ ಬಿಚ್ಚಲಿಲ್ಲ. ಕೊನೆಗೆ ಬಂದವರು, "ಹುಡುಗಿ ಒಸಿ ನಡೆದು ತೋರಿಸ್ಲಿ" ಎಂದರು. ಗಂಗು ನಡುಮನೆಯಿಂದ ಬಾಗಿಲವರೆಗೆ ಹೋಗಿ ಬಂದಳು. ಬಂದವಳು ಹುಡುಗನ ಕಡೆ ತಿರುಗಿ, "ಈಗ ನೀವೊಂದ್ಸಲ ನಡೀರಿ, ನಾನೂ ನೋಡ್ತೀನಿ" ಎಂದಳು. ಹುಡುಗ ನಡೆದ. ಬಸ್ ಸ್ಟ್ಯಾಂಡಿನವರೆಗೂ ನಡೆದ.

ಅಂದಿನಿಂದ ಗಂಗು ಯಾರ ಮುಂದೆಯೂ ಮಣೆಯ ಮೇಲೆ ಕೂರುವುದಿಲ್ಲ ಎಂದು ಹಟ ಹಿಡಿದಳು. ಅಣ್ಣ ಹೆದರಿಕೊಂಡು ಬದನಗುಪ್ಪೆಯಲ್ಲಿ ಒಂದು ಎರಡನೆಯ ಸಂಬಂಧಕ್ಕೆ ಅರ್ಧ ಮಾತು ಕೊಟ್ಟು ಬಂದ. ಆ ಗಂಡಿನ ಹೆಂಡತಿ ತೀರಿಹೋಗಿದ್ದಳು. ದೊಡ್ಡ ಮಗಳಿಗೆ ಗಂಗುವಿನಷ್ಟೇ ವಯಸ್ಸು. ನಾನು ಗುಂಡ್ಲುಪೇಟೆಗೆ ಸೊಸೆಯಾಗಿ ಹೋದವಳು. ಸುದ್ದಿ ಕಿವಿಗೆ ಬಿದ್ದದ್ದೇ ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನವೇ ಬಸ್ಸು ಹತ್ತಿ ಹರದನಹಳ್ಳಿಗೆ ಹೋಗಿ, ಅಣ್ಣ ಊಟಕ್ಕೆ ಕೂತಿದ್ದಾಗಲೇ ತರಾಟೆಗೆ ತೆಗೆದುಕೊಂಡೆ.

"ಮಗಳ್ನ ಸಾಕಿದ್ದು ಇದ್ಕೇನಣ್ಣ? ಆವಯ್ಯನ ಮಗಳ ಜೊತೆ ಕುಂಟೆಬಿಲ್ಲೆ ಆಡ್ಕಂಡಿರ್ಲಿ ಅಂತ್ಲಾ?"

"ಇನ್ನೇನ್ ಮಾಡ್ಲವ್ವ? ಯಾರೂ ಒಪ್ಪಾಕಿಲ್ಲ ಅಂತಾರೆ."

"ಶಿವರಾತ್ರಿ ಕಳೀಲಿ. ಅಲ್ಲೀಗಂಟ ಬದನಗುಪ್ಪೆ ದಾರಿ ತುಳೀಬ್ಯಾಡ. ನಾನೊಂದು ಗಂಡು ನೋಡಿವ್ನಿ. ಇದೂ ತಪ್ಪೋದ್ರೆ ಆಮೇಲೆ ನಿನ್ನಿಷ್ಟ."

ನೋಡಿದ್ದೇನೆ ಅಂದೆನೇ ಹೊರತು ಹುಡುಗನನ್ನು ನಾನು ನೋಡಿರಲಿಲ್ಲ. ಅವನ ಅಪ್ಪನನ್ನು ನೋಡಿದ್ದೆ. ಸಂತೆಮರಹಳ್ಳಿಯ ಶಿವರುದ್ರಸ್ವಾಮಿ ಅಂದರೆ ನಮ್ಮ ಜನದಲ್ಲಿ ಎಲ್ಲರಿಗೂ ಗೊತ್ತು. ಲಿಂಗಪೂಜೆ ಆಗದೆ ಬಾಯಿಗೆ ತೊಟ್ಟು ನೀರು ಬಿಡುವವರಲ್ಲ. ಲಿಂಗ ಕಟ್ಟದವರ ಮನೆಯಲ್ಲಿ ನೀರು ಮುಟ್ಟುವವರೂ ಅಲ್ಲ. ಅವರ ಹಣೆಯ ವಿಭೂತಿ ಆಗತಾನೆ ಸುಣ್ಣ ಹೊಡೆದ ಗೋಡೆಯ ಹಾಗಿರುತ್ತಿತ್ತು. ಹೆಂಡತಿ ತೀರಿಕೊಂಡಾಗ ಮಗ ಶಾಂತಮಲ್ಲಪ್ಪ ಇನ್ನೂ ಚಿಕ್ಕವನು. ಮರುಮದುವೆಯ ಮಾತೆತ್ತಿದವರನ್ನೆಲ್ಲ ಅಟ್ಟಿಬಿಟ್ಟು ತಾವೇ ಬೇಯಿಸಿ ಹಾಕಿ ಅವನನ್ನು ಬೆಳೆಸಿದ್ದರು. ಈಗ ಅವನು ಮಿಡ್ಲ್ ಸ್ಕೂಲು ಮೇಷ್ಟ್ರು. ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾನಂತೆ, ಮನೆಗೆ ಬಂದರೆ ಅಪ್ಪನ ಮುಂದೆ ತಾನು ನಿಂತೇ ಇರುತ್ತಾನಂತೆ ಎಂದು ಸಂತೆಗೆ ಹೋಗಿ ಬಂದವರು ನಗುತ್ತಿದ್ದರು.

ಮಣೆ ಇಲ್ಲದೆ ಹೆಣ್ಣು ತೋರಿಸುವುದು ಹೇಗೆ? ಅದಕ್ಕೆ ನಾನೇ ಒಂದು ಉಪಾಯ ಹೂಡಿದೆ. ಗುಂಡ್ಲುಪೇಟೆಯಿಂದ ಆಚೆಗೆ ಬಸ್ಸಿನಲ್ಲಿ ಹೋದರೆ ಗಡ್ಡೆಕೆರೆ. ಆ ಕೆರೆಯ ನಡುಗಡ್ಡೆಯ ಮೇಲೆ ಬಹಳ ಹಳೆಯದೊಂದು ಚರ್ಚಿದೆ. ದಡದ ಪಕ್ಕದಲ್ಲೇ ಕೋಟೆಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಪಾಳೇಗಾರರ ಕಾಲದ ಕೋಟೆ, ಕೋಟೆಯೊಳಗೆ ನಮ್ಮ ಬಸವಣ್ಣನ ಗುಡಿ. ಎರಡು ಕಡೆಯವರೂ ಬಸವಣ್ಣನ ದರ್ಶನಕ್ಕೆ ಬಂದ ಹಾಗೆ ಬರುವುದು, ಆಕಸ್ಮಿಕವಾಗಿ ಸಿಕ್ಕ ಹಾಗೆ ಸಿಗುವುದು, ನೋಡದ ಹಾಗೆ ನೋಡುವುದು. ಶಿವರುದ್ರಸ್ವಾಮಿಯವರಿಗೂ ಹೇಳಿ ಕಳಿಸಿದ್ದಾಯಿತು. ಗಂಗುವಿಗೆ ಮಾತ್ರ, "ಚರ್ಚು ನೋಡ್ಬೇಕು ಅಂತಿದ್ದೆಯಲ್ಲಮ್ಮಿ, ಬಾ ಹೋಗನ" ಎಂದೆ.

ಶಿವರಾತ್ರಿ ಮುಗಿದು, ಅದೇ ವಾರದ ಬುಧವಾರ ಹೊರಟೆವು. ಬೆಳಗಾಗೆದ್ದು ಗಂಗುವಿಗೆ ತಲೆ ಬಾಚಿ, ಮುಖಕ್ಕೆ ಪೌಡರು ಹಚ್ಚಿದೆ. ದಿನಾ ಇಟ್ಟುಕೊಳ್ಳುವಷ್ಟು ವಿಭೂತಿ ಇಟ್ಟರೆ ಮುಖದ ಕಳೆ ಮುಚ್ಚಿಹೋಗುತ್ತದೆ ಎಂದು ಒಂದು ಎಳೆ ತೀಡಿದ ಹಾಗೆ ಮಾಡಿ ಒರೆಸಿ, ಹುಬ್ಬಿನ ನಡುವೆ ಪುಟ್ಟ ಕುಂಕುಮ ಇಟ್ಟೆ. ಬಸ್ಸಿನಲ್ಲಿ ಅವಳು ನನ್ನನ್ನೇ ನೋಡುತ್ತಾ, "ಅತ್ತೆ, ಚರ್ಚು ನೋಡಾಕೆ ಪೌಡರು ಯಾಕೆ?" ಎಂದಳು.

"ದೂಳು ಕೂರ್ದೆ ಇರ್ಲಿ ಅಂತ ಕಣಮ್ಮಿ."

"ಹಂಗಾರೆ ನೀನ್ಯಾಕೆ ಹಚ್ಕಂಡಿಲ್ಲ?"

ಇಂಥ ಹುಡುಗಿಯನ್ನು ಕಟ್ಟಿಕೊಂಡು ಉಪಾಯ ಮಾಡುವುದೂ ಒಂದೇ, ಜರಡಿಯಲ್ಲಿ ನೀರು ಹೊರುವುದೂ ಒಂದೇ. ಅಣ್ಣ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಗಂಗು ತನ್ನಷ್ಟಕ್ಕೆ ತಾನೇ ಅನ್ನುವ ಹಾಗೆ, "ನೋಡೋರು ನೋಡ್ಲಿ. ನಾನೂ ನೋಡ್ತೀನಿ" ಎಂದಳು.

ಕೆರೆಯ ದಡದಲ್ಲಿ ಹರಿಗೋಲಿನ ಚೆಲುವಯ್ಯ ನಮ್ಮನ್ನು ಕೂರಿಸಿಕೊಂಡು ನಡುಗಡ್ಡೆಗೆ ದಾಟಿಸಿದ. ಚರ್ಚು ಕಲ್ಲಿನದು, ದಪ್ಪ ಗೋಡೆ, ಮೇಲೆ ನಾಡಹೆಂಚು. ಅಂಗಳದಲ್ಲಿ ಸಂಪಿಗೆ ಮರ. ಅಣ್ಣ ಚಪ್ಪಲಿ ಬಿಟ್ಟು, ಕೆರೆಯಲ್ಲಿ ಕಾಲು ತೊಳೆದು, ಚರ್ಚಿಗೆ ಒಂದು ಪ್ರದಕ್ಷಿಣೆ ಹಾಕಿದ. ಬಾಗಿಲ ಎದುರಿಗೆ ಬಂದು ನಿಂತು, ಬಸವಣ್ಣ ಎಲ್ಲಿ ಎಂದು ಹುಡುಕಿದ. ಇರಲಿಲ್ಲ. ಪಾಪ, ಕೈಮುಗಿಯುವುದಕ್ಕೆ ಏನಾದರೂ ಬೇಕಲ್ಲ ಎಂದು ಸಂಪಿಗೆ ಮರಕ್ಕೇ ಕೈಮುಗಿದ.

ಒಳಗೆ ಜನ ತುಂಬಿದ್ದರು. ಹೆಂಗಸರೆಲ್ಲ ನಮ್ಮ ಹಾಗೆಯೇ ತಲೆಯ ಮೇಲೆ ಸೆರಗು ಹೊದ್ದು ಒಂದು ಕಡೆ ಕೂತಿದ್ದರು, ಗಂಡಸರು ಇನ್ನೊಂದು ಕಡೆ. ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಸಾಲಾಗಿ ಹೋಗುತ್ತಿದ್ದರು. ಮುಂದೆ ಬಿಳಿಗಡ್ಡದ ಪಾದ್ರಿಗಳು ಒಂದು ಬಟ್ಟಲು ಹಿಡಿದು, ಬಂದವರ ಹಣೆಗೆ ಹೆಬ್ಬೆರಳಿನಿಂದ ಏನೋ ಹಚ್ಚುತ್ತಿದ್ದರು. ಪಕ್ಕದಲ್ಲಿದ್ದ ಹೆಂಗಸನ್ನು ಏನಮ್ಮ ಅದು ಎಂದು ಕೇಳಿದೆ. "ವಿಭೂತಿ ಕಣಕ್ಕ. ಇವತ್ತು ವಿಭೂತಿ ಬುಧವಾರ" ಎಂದಳು.

ವಿಭೂತಿ ಎಂದ ಮೇಲೆ ಕೇಳಬೇಕೆ? ವಿಭೂತಿ ಕೊಟ್ಟರೆ ಬೇಡ ಎನ್ನಬಾರದು ಎಂದು ಕಲಿತು ಬೆಳೆದ ಜನ ನಾವು. ಯಾರ ಕೈ ಎಂದು ನೋಡುವುದಿಲ್ಲ, ಹಣೆ ಒಡ್ಡುತ್ತೇವೆ. ಅಣ್ಣ ಆಗಲೇ ಸಾಲಿನಲ್ಲಿ ನಿಂತಿದ್ದ. ನಾನೂ ಗಂಗುವೂ ಹೋಗಿ ಹೆಂಗಸರ ಸಾಲಿನಲ್ಲಿ ನಿಂತೆವು. ಪಾದ್ರಿಗಳು ಅಣ್ಣನ ಹಣೆಯ ವಿಭೂತಿಪಟ್ಟೆ ನೋಡಿ ಒಂದು ಗಳಿಗೆ ತಡೆದರು. ನಕ್ಕು, ಅದರ ಮೇಲೆಯೇ ಹಚ್ಚಿದರು. ಬೂದಿ ಮಾತ್ರ ಕಪ್ಪಗಿತ್ತು. ಇವರ ಹಸು ಏನು ಮೇಯುತ್ತದೋ ಎಂದುಕೊಂಡೆ. ಕಡೆಯಲ್ಲಿ ಪಾದ್ರಿಗಳು ಕನ್ನಡದಲ್ಲೇ, "ಮನುಷ್ಯ ಮಣ್ಣು. ತಿರುಗಿ ಮಣ್ಣಿಗೇ ಸೇರುತ್ತಾನೆ. ಅದು ಮರೆಯದೆ ಇರಲಿ ಎಂದು ಈ ಬೂದಿ" ಎಂದು ಹೇಳಿದರು. ಗಂಗು ಕಣ್ಣರಳಿಸಿಕೊಂಡು ಕೇಳಿದಳು.

ಗಂಡಸರ ಸಾಲಿನಲ್ಲಿ ಅಣ್ಣನ ಹಿಂದೆ ಎತ್ತರದ ಹುಡುಗನೊಬ್ಬ ನಿಂತಿದ್ದ. ಬಿಳಿ ಪಂಚೆ, ಜುಬ್ಬ. ವಾಪಸು ಬರುವಾಗ ನಮ್ಮ ಹರಿಗೋಲಿಗೇ ಅವನೂ ಹತ್ತಿದ. ಹಣೆಯಲ್ಲಿ ಪಾದ್ರಿಗಳ ಬೂದಿ, ಜುಬ್ಬದ ಸಂದಿಯಲ್ಲಿ ಲಿಂಗದ ಕರಡಿಗೆ. ಗಂಗು ನೇರವಾಗಿ ಅವನನ್ನೇ ಕೇಳಿದಳು.

"ನೀವು ಈ ಊರೋರಾ?"

"ಅಲ್ಲ. ಚರ್ಚು ನೋಡ್ಬೇಕು ಅಂತ ಬಂದೆ. ನಮ್ಮ ಪಾಠದ ಪುಸ್ತಕದಲ್ಲಿ ಬರೀ ಕೋಟೆ ವಿಷಯ ಐತೆ, ಇದರ ವಿಷಯ ಇಲ್ಲ."

"ಕೋಟೆ ನೋಡಿದ್ರಾ?"

"ಅಲ್ಲಿಗೇ ಬಂದಿದ್ದು. ತಪ್ಪಿಸ್ಕಂಡು ಇಲ್ಲಿಗೆ ಬಂದೆ."

"ಯಾರಿಂದ ತಪ್ಪಿಸ್ಕಂಡು? ಹುಲಿಯಿಂದ್ಲಾ?"

"ಹೂಂ" ಎಂದ ಅವನು, ಬಹಳ ಗಂಭೀರವಾಗಿ. ಗಂಗು ನಕ್ಕಳು. ಆ ಬದನಗುಪ್ಪೆಯ ಮಾತು ಬಂದ ಮೇಲೆ ಅವಳು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಯ್ಯೋ ಶಿವನೇ, ನಾವು ನೋಡಲು ಹೊರಟಿರುವ ಗಂಡು ಬೇರೆ, ಇವಳು ನಗುತ್ತಿರುವುದು ಬೇರೆಯವನ ಜೊತೆ ಎಂದು ನನಗೆ ಕಳವಳ. ಅವಳನ್ನು ಒಂದಿಷ್ಟು ಚಿವುಟಿದೆ. ದಡ ಸಿಕ್ಕಿದ್ದೇ ಅವನು ಬಿರಬಿರನೆ ಬೆಟ್ಟದ ಕಡೆ ಹೋದ. ನಾವು ಬುತ್ತಿ ಹೊತ್ತುಕೊಂಡು ನಿಧಾನವಾಗಿ ಹತ್ತಿದೆವು.

ಕೋಟೆಯ ಹೆಬ್ಬಾಗಿಲು ದಾಟಿದರೆ ಬಸವಣ್ಣನ ಗುಡಿ. ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಶಿವರುದ್ರಸ್ವಾಮಿಯವರು ಕೂತಿದ್ದರು. ಅವರ ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿದ್ದವನನ್ನು ನೋಡಿ ನನ್ನ ಎದೆ ಹಗುರಾಯಿತು. ಹರಿಗೋಲಿನ ಹುಡುಗನೇ! ಎಲ್ಲಿಯ ಮಾಮರ, ಎಲ್ಲಿಯ ಕೋಗಿಲೆ. ಶಿವನೇ ಸೇರಿಸಿಬಿಟ್ಟಿದ್ದಾನೆ, ನನ್ನ ಕೆಲಸ ಅರ್ಧ ಮುಗಿಯಿತು ಎಂದುಕೊಂಡೆ. ಆಮೇಲೆ ಅವನ ಹಣೆ ನೋಡಿದೆ. ಪಾದ್ರಿಗಳ ಬೂದಿ ಇರಲಿಲ್ಲ. ಒರೆಸಿ ಒರೆಸಿ ಕೆಂಪಗಾದ ಚರ್ಮದ ಮೇಲೆ ಮನೆಯ ಬಿಳಿ ವಿಭೂತಿ ಹೊಸದಾಗಿ ಬಂದು ಕೂತಿತ್ತು. ಗಂಗುವೂ ಅದನ್ನು ನೋಡಿದಳು. ಅವಳ ಮುಖದ ನಗು ಅಲ್ಲೇ ಆರಿಹೋಯಿತು.

ಶಿವರುದ್ರಸ್ವಾಮಿಯವರು ನಮ್ಮ ನಮಸ್ಕಾರಕ್ಕೆ ಉತ್ತರ ಕೊಡಲಿಲ್ಲ. ಅವರ ಕಣ್ಣು ಗಂಗುವಿನ ಹಣೆಯಲ್ಲಿ ನೆಟ್ಟಿತ್ತು.

"ಹುಡುಗಿ ಹಣೇಲಿ ಏನದು?"

ಆಗ ನಾನೂ ಅಣ್ಣನೂ ಸರಿಯಾಗಿ ನೋಡಿದೆವು. ನಮ್ಮಿಬ್ಬರ ಹಣೆಯಲ್ಲಿ ದಪ್ಪ ವಿಭೂತಿಯ ಜೊತೆ ಸೇರಿ ಆ ಕಪ್ಪು ಕಲಸಿಹೋಗಿತ್ತು. ಗಂಗುವಿಗೆ ನಾನೇ ಪೌಡರು ಬಳಿದು ಬೆಳ್ಳಗೆ ಮಾಡಿದ್ದೆನಲ್ಲ, ಅದರ ಮೇಲೆ ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ, ಬರೆದಿಟ್ಟ ಹಾಗೆ ಶಿಲುಬೆ ಎದ್ದು ಕಾಣುತ್ತಿತ್ತು.

"ಕಿರಿಸ್ತಾನರಾಗ್ಬುಟ್ರಾ ಚಿಕ್ಕಮಲ್ಲಪ್ನೋರೇ? ಮೊದ್ಲೇ ಹೇಳಿದ್ರೆ ನಾವು ಇಷ್ಟು ದೂರ ಬತ್ತಿರ್ನಿಲ್ಲ."

ಅಣ್ಣ ಎರಡೂ ಕೈ ಜೋಡಿಸಿದ. "ಇಲ್ಲ ಯಜಮಾನ್ರೇ, ಶಿವನಾಣೆ ಇಲ್ಲ. ವಿಭೂತಿ ಅಂದ್ರು, ಇಕ್ಕಿಸ್ಕಂಡೋ. ಗಂಗು, ಅಳಿಸ್ಬುಡವ್ವ, ಬಿರ್ರನೆ ಅಳಿಸ್ಬುಡು."

ಗಂಗು ಕೈ ಎತ್ತಲಿಲ್ಲ. "ಇಕ್ಕಿದ ವಿಭೂತಿ ಅಳಿಸ್ಬಾರ್ದು ಅಂತ ನೀನೇ ಹೇಳ್ಕೊಟ್ಟಿದ್ದು ಅಪ್ಪ."

"ಅದು ವಿಭೂತಿ ಅಲ್ಲ!" ಎಂದು ಶಿವರುದ್ರಸ್ವಾಮಿಯವರು ಗುಡುಗಿದರು.

"ಮತ್ತೇನು ಯಜಮಾನ್ರೇ? ಬೂದಿ ತಾನೇ? ಮಣ್ಣಿಂದ ಬಂದೋರು ಮಣ್ಣಿಗೇ ಓಗ್ತೀವಿ, ಮರೀಬ್ಯಾಡಿ ಅಂತ ಇಕ್ಕಿದ್ರು. ನಾವೂ ಮಣ್ಣಿಗೇ ಓಗೋರಲ್ವಾ? ನಮ್ಮ ಜನಾನ ಸುಡಾಕಿಲ್ಲವಲ್ಲ." ಗಂಗು ಒಂದು ಹೆಜ್ಜೆ ಮುಂದೆ ಹೋಗಿ, ತಲೆಬಾಗಿ ನಿಂತಳು. "ತಪ್ಪು ಅಂದ್ರೆ ನೀವು ದೊಡ್ಡೋರು, ನಿಮ್ಮ ಕೈಯಾರೆ ಒರಸ್ಬುಡಿ. ನಾನು ಒರಸ್ಕಳಾಕಿಲ್ಲ."

ಅವರು ಕೋಪದಲ್ಲಿ ಎದ್ದು ನಿಂತು ಕೈ ಚಾಚಿದರು. ಕೈ ಹಣೆಯ ಹತ್ತಿರ ಹೋಯಿತು, ನಿಂತಿತು. ಹೆಣ್ಣುಮಗಳ ಹಣೆಯನ್ನು ಹಿರಿಯರ ಕೈ ಒರೆಸುವುದು ಯಾವ ಹೊತ್ತಿನಲ್ಲಿ ಎಂಬುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅದೂ ಬಸವಣ್ಣನ ಎದುರಿಗೆ, ಮದುವೆಯಾಗಬೇಕಾದ ಹುಡುಗಿಯ ಹಣೆ. ಶಾಸ್ತ್ರ ಬಲ್ಲವರು ಶಾಸ್ತ್ರಕ್ಕೇ ಸಿಕ್ಕಿಬಿದ್ದಿದ್ದರು. ಕೈ ನಿಧಾನವಾಗಿ ಹಿಂದಕ್ಕೆ ಹೋಯಿತು.

ಹುಡುಗ ಈಗಲಾದರೂ ಬಾಯಿ ಬಿಡುತ್ತಾನೆ ಎಂದು ನಾನು ಕಾದೆ. ಅವನು ಕೈ ಎತ್ತಿ ತನ್ನ ಹಣೆ ಮುಟ್ಟಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ. ಮಾತು ಮಾತ್ರ ಹೊರಗೆ ಬರಲಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಬುತ್ತಿ ಗಂಟನ್ನು ಅವನ ತಲೆಯ ಮೇಲೆ ಎತ್ತಿಹಾಕೋಣ ಅನ್ನಿಸಿತು.

"ಬಾ ಅಪ್ಪ, ಓಗನ" ಎಂದಳು ಗಂಗು. ಅವಳ ಧ್ವನಿ ಒಡೆದಿತ್ತು. ಮೂರು ಕಡೆಯವರು ಬೇಡವೆಂದಾಗ ಒಂದು ಹನಿ ಕಣ್ಣೀರು ಹಾಕದ ಹುಡುಗಿ. ಶಿವರುದ್ರಸ್ವಾಮಿಯವರು ಬೈದದ್ದಕ್ಕಲ್ಲ, ಅವರ ಮಗ ಸುಮ್ಮನಿದ್ದದ್ದಕ್ಕೆ ಅವಳ ಮನಸ್ಸು ನೊಂದಿತ್ತು. ಅದು ನನಗೆ ತಿಳಿಯಿತು. ಅಣ್ಣ ಆಗಲೇ ಬಾಗಿಲ ಕಡೆ ತಿರುಗಿದ್ದ. ಅವನ ಬೆನ್ನು ನೋಡಿದರೇ ಹೇಳಬಹುದಿತ್ತು, ಬೆಟ್ಟ ಇಳಿದವನು ನೇರ ಬದನಗುಪ್ಪೆಗೇ ಹೋಗುತ್ತಾನೆ.

ನಾವು ಹೆಬ್ಬಾಗಿಲ ನೆರಳಿಗೆ ಬಂದಿದ್ದೆವು. ಹಿಂದಿನಿಂದ ಶಾಂತಮಲ್ಲಪ್ಪನ ದನಿ ಕೇಳಿತು.

"ಅಪ್ಪ, ನಂಗೂ ಇಕ್ಕಿದ್ರು."

"ಏನ್ಲಾ?"

"ನಾನೂ ಚರ್ಚಿಗೆ ಓಗಿದ್ದೆ. ಪಾದ್ರಿಗೋಳು ನಂಗೂ ಇಕ್ಕಿದ್ರು. ಅಳಿಸ್ಕಂಡ್ಬುಟ್ಟೆ."

"ಯಾಕ್ಲಾ ಅಳಿಸ್ಕಂಡೆ?"

"ನೀನು ಬಯ್ತೀಯ ಅಂತ."

"ಬಯ್ತೀನಿ ಅಂತ ಇಕ್ಕಿದ ವಿಭೂತಿ ಅಳಿಸ್ಕಂಡ್ಯೇನ್ಲಾ ಮುಂಡೇದೇ!"

ನಾನು ತಿರುಗಿದೆ. ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ. "ನೋಡಿ ಯಜಮಾನ್ರೇ, ವಿಭೂತಿ ಅಂತ ನಿಮ್ಮ ಬಾಯಲ್ಲೇ ಬಂತು!"

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಮಗನ ಕೆಂಪು ಹಣೆಯನ್ನು ಬಹಳ ಹೊತ್ತು ನೋಡಿದರು.

"ನನ್ನ ಕಂಡ್ರೆ ಅಷ್ಟು ಭಯನೇನ್ಲಾ ನಿಂಗೆ?"

ಶಾಂತಮಲ್ಲಪ್ಪ ನೆಲ ನೋಡಿಕೊಂಡು, "ಹೂಂ ಅಪ್ಪ" ಎಂದ.

ಶಿವರುದ್ರಸ್ವಾಮಿಯವರು ಜಗಲಿಯ ಮೇಲೆ ಕುಸಿದ ಹಾಗೆ ಕೂತರು. ಸುಣ್ಣ ಹೊಡೆದ ಗೋಡೆಯಂಥ ಹಣೆ ಸುಕ್ಕಾಯಿತು. "ನಿಮ್ಮವ್ವ ಇದ್ದಿದ್ರೆ ನಂಗೆ ಹೇಳಿರೋಳು" ಎಂದರು. "ಮಗ ಎದ್ರುಕತಾವ್ನೆ, ಒಸಿ ಮೆತ್ತಗೆ ಮಾತಾಡಿ ಅಂದಿರೋಳು. ಅವಳ್ನ ಮಣ್ಣಿಗಿಕ್ಕುವಾಗ ಸುತ್ತ ವಿಭೂತಿ ಗಟ್ಟಿ ಜೋಡಿಸಿದ್ದು ಇದೇ ಕೈ. ಆಮೇಲೆ ನಂಗೆ ಹೇಳೋರೇ ಇಲ್ದಂಗಾಯ್ತು." ಇಷ್ಟು ದೊಡ್ಡ ಮನುಷ್ಯರ ಕಣ್ಣಲ್ಲಿ ನೀರು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು, ನಾನೂ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಅವರು ಗಂಗುವನ್ನು ಹತ್ತಿರಕ್ಕೆ ಕರೆದರು. ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಕಮಂಡಲದ ನೀರಿನಲ್ಲಿ ಬೆರಳು ಅದ್ದಿ ಉಜ್ಜಿದರು. "ಅದು ಇರ್ಲಿ. ಅದ್ರ ಜೊತೇಲಿ ಇದೂ ಇರ್ಲಿ ಕಣವ್ವ" ಎಂದು ಶಿಲುಬೆ ಕೆಡದ ಹಾಗೆ ಅದರ ಮೇಲ್ಗಡೆ ಮೂರು ಬೆರಳು ಎಳೆದರು.

ನನಗೆ ಇಷ್ಟು ಸಾಕಾಗಿತ್ತು. ನಮ್ಮಲ್ಲಿ ಗಂಡಿನ ಕಡೆಯ ಹಿರಿಯರು ಹುಡುಗಿಗೆ ವಿಭೂತಿ ಇಟ್ಟು ವೀಳ್ಯ ಕೊಟ್ಟರೆ ಮಾತು ಆಡಿ ಮುಗಿಸಿದ ಹಾಗೆ. ಆಮೇಲೆ ಮದುವೆ ಒಂದೇ ಬಾಕಿ. ಸಂಚಿಯಿಂದ ಎಲೆ ಅಡಿಕೆ ತೆಗೆದು ಶಿವರುದ್ರಸ್ವಾಮಿಯವರ ಕೈಗೆ ಕೊಟ್ಟೇಬಿಟ್ಟೆ. ಅವರು ನಕ್ಕು ಗಂಗುವಿನ ಕಡೆ ಚಾಚಿದರು. ಅಣ್ಣ ಬಾಗಿಲಿನಿಂದ ಓಡಿಬಂದ.

ಗಂಗು ಕೈ ಚಾಚಲಿಲ್ಲ.

"ನೀವು ಒಪ್ಪಿದ್ರಿ. ನಾನಿನ್ನೂ ಒಪ್ಪಿಲ್ಲ" ಎಂದಳು. ಅಣ್ಣ ತಲೆಯ ಮೇಲೆ ಕೈ ಇಟ್ಟುಕೊಂಡ. ಅವಳು ಶಾಂತಮಲ್ಲಪ್ಪನ ಕಡೆ ತಿರುಗಿದಳು. "ಎದ್ರುಕಂಡು ಅಳಿಸ್ಕಂಡಿದ್ದು ನೀವು. ನಾಳೆ ನಿಮ್ಮ ಮನೇಲಿ ನಂಗೊಂದು ಕಷ್ಟ ಬಂದ್ರೂ ಇಂಗೇ ಅಳಿಸ್ಕಂಡು ನಿಂತ್ಕತೀರಾ?"

ಅವನು ಅವಳನ್ನು ನೋಡಿದ. ಅಭ್ಯಾಸ ಎಲ್ಲಿ ಹೋಗಬೇಕು, ಕಣ್ಣು ಅಪ್ಪನ ಕಡೆಗೆ ಹೊರಟಿತು, ಅರ್ಧಕ್ಕೆ ನಿಂತಿತು. ಗುಡಿಯ ಮುಂದಿದ್ದ ಚಪ್ಪಲಿ ಮೆಟ್ಟಿಕೊಂಡು, ಯಾರಿಗೂ ಏನೂ ಹೇಳದೆ, ಹೆಬ್ಬಾಗಿಲು ದಾಟಿ ಬೆಟ್ಟ ಇಳಿಯತೊಡಗಿದ.

"ಎಲ್ಲಿಗ್ಲಾ?" ಎಂದು ಶಿವರುದ್ರಸ್ವಾಮಿಯವರು ಕೂಗಿದರು. ನಾವೆಲ್ಲ ಕೋಟೆಯ ಗೋಡೆಯ ಹತ್ತಿರ ಹೋಗಿ ನಿಂತೆವು. ಕೆಳಗೆ ಕೆರೆ ಬಿಸಿಲಿಗೆ ಹೊಳೆಯುತ್ತಿತ್ತು. ಬಿಳಿ ಜುಬ್ಬ ಬಂಡೆಗಳ ನಡುವೆ ಕಾಣಿಸುತ್ತ ಮರೆಯಾಗುತ್ತ ಇಳಿದು, ದಡ ಸೇರಿ, ಚೆಲುವಯ್ಯನ ಹರಿಗೋಲು ಹತ್ತಿತು. ಹರಿಗೋಲು ಚರ್ಚಿನ ಕಡೆ ತಿರುಗಿತು.

"ನನ್ನ ಒಂದು ಮಾತು ಕೇಳ್ದೆ ಒಂಟೋದ ಕಣವ್ವ" ಎಂದರು ಶಿವರುದ್ರಸ್ವಾಮಿಯವರು. "ಒಂದ್ಸಲವೂ ತಿರುಗಿ ನೋಡ್ನಿಲ್ಲ!" ಅವರ ದನಿಯಲ್ಲಿ ಕೋಪ ಹುಡುಕಿದೆ, ಸಿಗಲಿಲ್ಲ. ಮಗ ಮೊದಲ ಸಲ ನಡೆಯಲು ಕಲಿತ ದಿನ ಅಪ್ಪಂದಿರು ಹೀಗೆ ಮಾತಾಡುತ್ತಾರೆ.

ಗಂಗು ಹರಿಗೋಲಿನ ಮೇಲಿಟ್ಟ ಕಣ್ಣು ತೆಗೆಯದೆ, ಅವರ ಕೈಯಲ್ಲಿದ್ದ ವೀಳ್ಯವನ್ನು ತೆಗೆದುಕೊಂಡಳು.